ಯಂತ್ರಮರದ ಬಾಣಂತನ

ಯಂತ್ರಮರದ ಕಾಂಡದೊಳಗೆ ಗುಳುಗುಳು ಸದ್ದೆದ್ದಿತೆಂದರೆ ಪಾಸಮ್‌ಗಳ ಊಟದ ಹೊತ್ತಾಯಿತೆಂದು ಅರ್ಥ. ಸ್ವಲ್ಪ ಹೊತ್ತಿಗೆ ತೊಗಟೆಯ ಬಿರುಕುಗಳಿಂದ ಜೇನುಬಣ್ಣದ ಅಂಟು ಹನಿಹನಿಯಾಗಿ ಒಸರುತ್ತಿತ್ತು. ಅದರ ಹಿಂದೆಯೇ ರೈಲ್ವೆ ನಿಲ್ದಾಣದ ಪ್ರಕಟಣೆಯ ಧಾಟಿಯಲ್ಲಿ ಮರ ಮಾತಾಡುತ್ತಿತ್ತು: “ಆಹಾರ ಸಿದ್ಧವಾಗಿದೆ. ಎಲ್ಲ ಪೊಟರೆಗಳ ನಿವಾಸಿಗಳು ದಯವಿಟ್ಟು ಕೊಂಬೆಗಳಿಗೆ ಬರಬೇಕಾಗಿ ವಿನಂತಿ.”

ನಿವಾಸಿಗಳು ಜಪ್ಪಯ್ಯ ಅಂದರೂ ಬರುತ್ತಿರಲಿಲ್ಲ. ಆಗ ಸಾವಂತ್ರವ್ವ ಸೆರಗು ಸೊಂಟಕ್ಕೆ ಸಿಗಿಸಿಕೊಂಡು ಮರದ ಬುಡಕ್ಕೆ ಹೋಗಿ ನಿಲ್ಲುತ್ತಿದ್ದಳು.

“ಬರ್ರೆವ್ವಾ ಬರ್ರೀ! ಉಣ್ಣಾಕ ಬರ್ರೀ! ನನ್ನ ಆಣಿ ಐತಿ, ಒಂದ ತುತ್ತರ ತಿಂದ ಹೋಗ್ರೀ!”

ಒಂದೊಂದೇ ಪೊಟರೆಯಿಂದ ಒಂದೊಂದು ಮುಖ ಇಣುಕುತ್ತಿತ್ತು. ಅಂಗೈಯಲ್ಲಿ ಕೂರುವಷ್ಟು ಮೈ, ಅಷ್ಟೇ ಉದ್ದದ ಬಾಲ, ಮುಖದ ತುಂಬ ಕಣ್ಣು. ಇಳಿದು ಬಂದು ಅಂಟು ನೆಕ್ಕಲು ಶುರುಮಾಡಿದರೆ ಸಾವಂತ್ರವ್ವನಿಗೆ ತನ್ನ ಹೊಟ್ಟೆಯೇ ತುಂಬಿದಷ್ಟು ಹಿಗ್ಗು.

ಇದೆಲ್ಲ ನಡೆಯುತ್ತಿದ್ದುದು ಬ್ಯಾಡಗಿಯಲ್ಲಿ, ಅದೂ ಮೆಣಸಿನಕಾಯಿ ಚೀಲ ಒಟ್ಟುವ ಶೀತಗೃಹದ ಒಂದು ಕೋಣೆಯಲ್ಲಿ. ಹೇಗೆಂದು ಹೇಳಿಬಿಡುತ್ತೇವೆ. ಲೆಡ್‌ಬೀಟರ್ ಪಾಸಮ್ ಎಂಬ ಈ ಪುಟ್ಟ ಪ್ರಾಣಿ ಆಸ್ಟ್ರೇಲಿಯಾದ ತಂಪು ಬೆಟ್ಟಗಳದು. ಹಳೆಯ ದೊಡ್ಡ ಮರಗಳ ಪೊಟರೆಯೇ ಅದರ ಮನೆ; ಮರದ ಅಂಟು, ಹುಳುಹುಪ್ಪಟೆಗಳೇ ಅದರ ಊಟ. ನಮ್ಮ ಕಥೆ ನಡೆಯುವ ಕಾಲಕ್ಕೆ ಆ ಬೆಟ್ಟಗಳಿಗೆ ಮೇಲಿಂದ ಮೇಲೆ ಬೆಂಕಿ ಬಿದ್ದು ಹಳೆಯ ಮರಗಳೆಲ್ಲ ಬೂದಿಯಾಗಿದ್ದವು. ಸಸಿ ನೆಡಬಹುದು, ಆದರೆ ಸಸಿಗೆ ಪೊಟರೆ ಬೀಳಬೇಕಾದರೆ ನೂರಾರು ವರ್ಷ ಬೇಕು. ಅಲ್ಲಿಯವರೆಗೆ ಪಾಸಮ್‌ಗಳು ಎಲ್ಲಿರಬೇಕು? ಈ ಪ್ರಶ್ನೆಗೆ ವಿಜ್ಞಾನಿಗಳು ಕಟ್ಟಿದ ಉತ್ತರವೇ ಯಂತ್ರಮರ. ಅದಕ್ಕೆ ಪೊಟರೆಗಳಿದ್ದವು, ಪೊಟರೆಗಳಿಗೆ ತಾನಾಗಿ ತೆರೆದು ಮುಚ್ಚುವ ಬಾಗಿಲುಗಳಿದ್ದವು. ಅದರೊಳಗಿನ ವಂಶಗಣಕ ಯಾರಿಗೆ ಯಾರು ಜೋಡಿಯಾದರೆ ಮರಿಗಳು ಗಟ್ಟಿಯಾಗಿ ಹುಟ್ಟುತ್ತವೆಂದು ರಕ್ತ ನೋಡಿ ಲೆಕ್ಕ ಹಾಕುತ್ತಿತ್ತು. ಕಲಿಕಾಕೋಶ ಎಂಬ ಇನ್ನೊಂದು ಭಾಗ ಸುತ್ತಲಿನವರ ನಡೆನುಡಿ ನೋಡಿ ತಾನೇ ಕಲಿಯುತ್ತಿತ್ತು. ಇನ್ನು ಬೇಕಿದ್ದುದು ತಂಪು. ತಂಪು ಕೋಣೆಗಳಿಗೆ ಬ್ಯಾಡಗಿಯಲ್ಲಿ ಬರವೇ? ಬಂದ ವಿಜ್ಞಾನಿಗಳು ಮೆಣಸಿನಕಾಯಿಯ ಘಾಟಿಗೆ ವಾರಗಟ್ಟಲೆ ಸೀನಿದರು. ಪಾಸಮ್‌ಗಳು ಒಮ್ಮೆಯೂ ಸೀನಲಿಲ್ಲ. ಇರುಳಿನ ಪ್ರಾಣಿಗಳಾದ್ದರಿಂದ ಕೋಣೆಯಲ್ಲಿ ಹಗಲು ಹೊತ್ತು ಕತ್ತಲೆ ಮಾಡಿ ಒಂದು ಮಂದ ಕೆಂಪು ದೀಪ ಇಟ್ಟಿದ್ದರು.

ಸಾವಂತ್ರವ್ವ ಅದೇ ಶೀತಗೃಹದ ಅಂಗಳದಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದವಳು. ಐವತ್ತು ದಾಟಿದ ಗಟ್ಟಿ ಹೆಂಗಸು. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಮಗಳು ನೀಲಾಳನ್ನು ಓದಿಸಿ ಹುಬ್ಬಳ್ಳಿಗೆ ಮದುವೆ ಮಾಡಿಕೊಟ್ಟಿದ್ದಳು. ಓಣಿಯಲ್ಲಿ ಯಾರಿಗೆ ಬಾಣಂತನವಾದರೂ ಎಣ್ಣೆ-ನೀರು ಹಾಕಲು ಅವಳಿಗೇ ಕರೆ. ಪಾಸಮ್ ಕೇಂದ್ರವೂ ಆರೈಕೆಗೆ ಅವಳನ್ನೇ ಕರೆದುಕೊಂಡಿತು. ಹಾಗಾಗಿ ಕೇಂದ್ರದ ವಿಜ್ಞಾನಿ ಡಾ. ಪ್ರಣತಿ ಕೆಲಸದ ಮೊದಲ ದಿನ ಪಾಸಮ್‌ಗಳ ಆಹಾರ ತೋರಿಸಿ, “ಇದು ಜಾಲಿ ಜಾತಿಯ ಮರದ ಅಂಟು, ಇದಕ್ಕೆ ಜೇನು ಸೇರಿಸಿ, ಹುಳುವಿನ ಪುಡಿ ಹಾಕಿ...” ಎಂದು ವಿವರಿಸತೊಡಗಿದಾಗ ಸಾವಂತ್ರವ್ವ ನಕ್ಕುಬಿಟ್ಟಿದ್ದಳು.

“ಅಯ್ಯ, ಇದು ಅಂಟಿನ ಉಂಡೀರಿ ಬಾಯಾರ! ಹುಳ ಒಂದ ಬಿಟ್ಟರ ನಾವ ಬಾಣಂತೇರಿಗೆ ಕೊಡೂದು ಇದನ್ನ. ದಿನಾ ಬಾಣಂತಿ ಊಟ ಉಣ್ಣೂ ಜಾತಿ ಅಂದ್ರ ಪುಣ್ಯೆ ಮಾಡಿ ಬಂದಾವ್ ಬಿಡ್ರೀ!”

ಮರಕ್ಕೂ ಅವಳಿಗೂ ಒಮ್ಮೆ ಜಗಳವಾಗಿತ್ತು. ಕೊಂಬೆಯ ಮೇಲೆ ಯಾರು ಕೂತರೂ ಮರ ತೂಕ ನೋಡುತ್ತಿತ್ತು. ಬುಡದಲ್ಲಿ ಮಣೆಯಷ್ಟು ಅಗಲವಾದ ಒಂದು ಬೇರಿತ್ತು, ಅದಕ್ಕೂ ಆ ಗುಣವಿತ್ತು. ಗೊತ್ತಿಲ್ಲದೆ ಸಾವಂತ್ರವ್ವ ಅದರ ಮೇಲೆ ಕೂತಾಗ, ಕೇಂದ್ರ ನೋಡಲು ಬಂದಿದ್ದ ದೊಡ್ಡ ಮಂದಿಯೆದುರು ಮರ ಅವಳ ತೂಕವನ್ನು ಸ್ಪಷ್ಟವಾಗಿ ಸಾರಿ, “ಇದು ಪಾಸಮ್‌ನ ಸರಾಸರಿ ತೂಕಕ್ಕಿಂತ ಬಹಳ ಹೆಚ್ಚು” ಎಂದೂ ಸೇರಿಸಿತ್ತು. “ನಿನ್ನ ಬಾಯಾಗ ಬೆಂಕಿ ಬೀಳಲಿ!” ಎಂದು ಅವಳು ಬೈದ ಬೈಗುಳಕ್ಕೆ ಡಾ. ಪ್ರಣತಿ ಓಡಿಬಂದು, ಮನುಷ್ಯರ ತೂಕ ಹೇಳಬಾರದೆಂದು ಮರಕ್ಕೆ ಕಟ್ಟಪ್ಪಣೆ ಮಾಡಿದರು. ಅಂದಿನಿಂದ ಮರ ಆ ವಿಷಯದಲ್ಲಿ ಬಾಯಿ ಬಿಟ್ಟಿರಲಿಲ್ಲ.

ವಿಜ್ಞಾನಿಗಳು ಪಾಸಮ್‌ಗಳಿಗೆ ಅಂಕಿ ಕೊಟ್ಟಿದ್ದರು. ಅಂಕಿಯಿಂದ ಯಾರನ್ನಾದರೂ ಊಟಕ್ಕೆ ಕರೆಯಲಾಗುತ್ತದೆಯೇ? ಸಾವಂತ್ರವ್ವ ಹೆಸರಿಟ್ಟಳು. ಎಲ್ಲರನ್ನೂ ಗದರಿಸಿಕೊಂಡು ಮೇಲಿನ ಪೊಟರೆ ಆಳುತ್ತಿದ್ದ ಹಿರಿಯಳು ಗಟ್ಟಿಗಿತ್ತಿ. ಅವಳ ಮಗಳು ಮಲ್ಲಿಗಿ. ವಂಶಗಣಕ ಹುಡುಕಿ ಕೊಟ್ಟ ಮಲ್ಲಿಗಿಯ ಗಂಡ ಇಂಥದೇ ಯಂತ್ರಮರವಿದ್ದ ಜಪಾನಿನ ಶೀತಗೃಹದಿಂದ ವಿಮಾನ ಹತ್ತಿ ಬಂದವನು. ಅವನಿಗೆ ಬೇರೇನು ಹೆಸರು? ಅಳಿಯಪ್ಪ.

ಒಂದು ದಿನ ಊಟದ ಹೊತ್ತಿನಲ್ಲಿ ಮರ ಸಾರಿತು: “ಮಲ್ಲಿಗಿಯ ತೂಕದಲ್ಲಿ ಹೆಚ್ಚಳ ಕಂಡುಬಂದಿದೆ. ಉಡಿಚೀಲದಲ್ಲಿ ಒಂದು ಮರಿ ಇದೆ.”

ಡಾ. ಪ್ರಣತಿ ಕುಣಿದಾಡಿದರು. ಪಾಸಮ್‌ನ ಮರಿ ಹುಟ್ಟುವಾಗ ಜೋಳದ ಕಾಳಿನಷ್ಟೂ ಇರುವುದಿಲ್ಲ. ಹುಟ್ಟಿದ್ದೇ ತೆವಳಿಕೊಂಡು ತಾಯಿಯ ಹೊಟ್ಟೆಯ ಮೇಲಿನ ಚೀಲ ಸೇರಿ, ಮೊಲೆ ಕಚ್ಚಿಕೊಂಡು ತಿಂಗಳುಗಟ್ಟಲೆ ಅಲ್ಲಿಯೇ ಬೆಳೆಯುತ್ತದೆ. ಕುಣಿದ ಮೇಲೆ ಅವರ ಮುಖ ಬಾಡಿತು.

“ಸಾವಂತ್ರವ್ವ, ಇದುವರೆಗೆ ಯಾವ ದೇಶದ ಶೀತಗೃಹದಲ್ಲೂ ಮರಿ ಉಳಿದಿಲ್ಲ. ತಾಯಿಗೆ ಸ್ವಲ್ಪ ಗಾಬರಿಯಾದರೂ ಮರಿಯನ್ನು ಚೀಲದಿಂದ ಉದುರಿಸಿಬಿಡುತ್ತಾಳೆ. ಇದೂ ಉಳಿಯದಿದ್ದರೆ ಕೇಂದ್ರವನ್ನೇ ಮುಚ್ಚುತ್ತಾರಂತೆ. ಇವುಗಳ ಜೀವಕೋಶ ತೆಗೆದು ಹಿಮದಲ್ಲಿಟ್ಟು, ಮುಂದೆ ಯಾವಾಗಲಾದರೂ ನೋಡೋಣ ಅಂತ.”

“ಯವ್ವಾ! ಜೀವಂತ ಮಕ್ಕಳನ್ನ ಬಿಟ್ಟು ಬೀಜಾ ಕಾಯ್ಕೋತ ಕುಂಡ್ರತಾರಂತೇನು?” ಎಂದಳು ಸಾವಂತ್ರವ್ವ. “ಅದೇನ್ ಆಗಂಗಿಲ್ಲ ಬಿಡ್ರಿ. ನಾ ಅದೀನಿ.”

ನಿಯಮದ ಪ್ರಕಾರ ಮರ ಅಳಿಯಪ್ಪನನ್ನು ಎದುರಿನ ಪೊಟರೆಗೆ ಕಳಿಸಿ ಬಾಗಿಲು ಹಾಕಿತು. ಮರಿಯಿರುವಾಗ ಗಂಡು ಹತ್ತಿರವಿದ್ದರೆ ಕಿರಿಕಿರಿ ಎಂದು ವಿಜ್ಞಾನಿಗಳ ಅಭಿಪ್ರಾಯ. ಅದು ಸಾವಂತ್ರವ್ವನಿಗೂ ಸರಿಕಂಡಿತು. ಬಾಣಂತಿಯ ಕೋಣೆಯಲ್ಲಿ ಗಂಡಸಿಗೇನು ಕೆಲಸ?

“ಹಂಗಾದ್ರ ಮಲ್ಲಿಗೀನ ತವರಿಗೆ ಯಾವಾಗ ಕಳಸೂದು ಬಾಯಾರ?” ಎಂದು ಕೇಳಿದಳು.

“ತವರಿಗಾ?”

“ಚೊಚ್ಚಲ ಅಲ್ರೀ! ಮೊದಲನೇ ಬಾಣಂತನ ತಾಯಿ ಕಡೀನ ಆಗಬೇಕಲ್ಲ? ಮ್ಯಾಲಿನ ಪೊಟರ್‍ಯಾಗ ಗಟ್ಟಿಗಿತ್ತಿ ಒಬ್ಬಾಕಿನ ಅದಾಳ. ಜಾಗಾನೂ ಐತಿ.”

ಡಾ. ಪ್ರಣತಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಗಂಭೀರವಾಗಿ ತಿಳಿಸಿ ಹೇಳಿದರು: “ಇವುಗಳಲ್ಲಿ ಒಂದು ಮನೆಗೆ ಒಬ್ಬಳೇ ಯಜಮಾನಿ. ಮಗಳು ದೊಡ್ಡವಳಾದಳೆಂದರೆ ತಾಯಿಯೇ ಕಚ್ಚಿ ಹೊರಗೆ ಹಾಕುತ್ತಾಳೆ. ಗಂಡುಮಕ್ಕಳನ್ನಾದರೂ ಇಟ್ಟುಕೊಂಡಾಳು, ಮಗಳನ್ನಿಲ್ಲ. ಅದಕ್ಕೇ ಮರ ಇವರಿಬ್ಬರ ಬಾಗಿಲನ್ನು ಒಟ್ಟಿಗೆ ತೆಗೆಯುವುದಿಲ್ಲ.”

“ಹಡದ ಮಗಳನ್ನ ಬಾಗಲದಿಂದ ಹೊರಗ ಹಾಕೂ ತಾಯಿ ಎಲ್ಲೆರ ಇರ್ತಾಳೇನ್ರಿ?” ಎಂದು ಮೂಗು ಮುರಿದಳು ಸಾವಂತ್ರವ್ವ. ಓದಿದವರು ಒಮ್ಮೊಮ್ಮೆ ಹೀಗೇ ಮಾತಾಡುತ್ತಾರೆ, ಪಾಪ, ಎಂದುಕೊಂಡಳು.

ಅವಳಿಗೆ ಈ ವಿಷಯ ಇಷ್ಟು ಹತ್ತಿಕೊಳ್ಳಲು ಒಂದು ಕಾರಣವಿತ್ತು. ಮಗಳು ನೀಲಾಳಿಗೂ ಏಳು ತಿಂಗಳು ತುಂಬಿತ್ತು. ಸಾವಂತ್ರವ್ವ ಕೋಣೆಗೆ ಸುಣ್ಣ ಬಳಿಸಿದ್ದಳು, ಹೊರಸು ಬಿಗಿಸಿದ್ದಳು, ಕೊಬ್ಬರಿ, ಉತ್ತತ್ತಿ, ಅಂಟು ತಂದು ಡಬ್ಬಿ ತುಂಬಿಸಿದ್ದಳು. ಯಾವ ದಿನ ಕರೆಯಲು ಬರಲಿ ಎಂದು ಕೇಳಲು ಫೋನು ಮಾಡಿದರೆ ನೀಲಾ ನಿಧಾನವಾಗಿ ಹೇಳಿದಳು:

“ಅವ್ವಾ, ನಾ ಅಲ್ಲಿಗೆ ಬರಂಗಿಲ್ಲ. ಇಲ್ಲೇ ಹಡೀತೀನಿ.”

“ಯಾಕವ್ವಾ? ನಾ ಏನ ಕಡಿಮಿ ಮಾಡೇನಿ ನಿನಗ?”

“ಕಡಿಮಿ ಏನೂ ಮಾಡಿಲ್ಲವ್ವಾ. ಅಲ್ಲಿ ಬಂದ್ರ ಎಲ್ಲಾ ನಿಂದ ನಡೀತೈತಿ. ತಲಿಗೆ ಕಟ್ಟು, ಹೊಗಿ ಹಾಕು, ನೀರ ಕುಡೀಬ್ಯಾಡ... ನಂಗ ಆಗಂಗಿಲ್ಲ. ಇದು ನನ್ನ ಮನಿ. ನನ್ನ ಕೂಸು ನನ್ನ ಮನಿಗೇ ಬರಲಿ.”

ಫೋನು ಅಳಿಯನ ಕೈಗೆ ಹೋಯಿತು. ಅವನು ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುವ ಮಡಿವಾಳಪ್ಪ ಮಾಸ್ತರ, ಇರುವೆಗೂ ದಾರಿ ಬಿಡುವ ಸಾಧು ಮನುಷ್ಯ. “ಅತ್ತೀ, ನಾ ರಜಾ ತಗೋತೀನ್ರಿ. ಬಾಣಂತನ ನಾನ ಮಾಡ್ತೀನ್ರಿ” ಎಂದ. ಸಾವಂತ್ರವ್ವ ಗಹಗಹಿಸಿ ನಕ್ಕಳು. ಫೋನು ಇಟ್ಟ ಮೇಲೆ ಬಿಕ್ಕಿ ಬಿಕ್ಕಿ ಅತ್ತಳು. ಊರ ಮಂದಿಯ ಹೆಣ್ಣುಮಕ್ಕಳಿಗೆಲ್ಲ ಬಾಣಂತನ ಮಾಡಿದ ಕೈ ತನ್ನ ಮಗಳಿಗೇ ಬೇಡವಾಯಿತೇ?

ಮಾರನೆಯ ದಿನ ಡಾ. ಪ್ರಣತಿ ಸಭೆಗೆಂದು ಧಾರವಾಡಕ್ಕೆ ಹೋದರು. ಕೋಣೆಯಲ್ಲಿ ಸಾವಂತ್ರವ್ವ ಮತ್ತು ಮರ ಇಬ್ಬರೇ. ಮಲ್ಲಿಗಿ ತನ್ನ ಪೊಟರೆಯ ಜಾಲರಿ ಬಾಗಿಲ ಹಿಂದೆ ಒಂಟಿಯಾಗಿ ಕೂತಿತ್ತು. ಅಂಟು ಮುಟ್ಟಿರಲಿಲ್ಲ. ನೋಡನೋಡುತ್ತ ಸಾವಂತ್ರವ್ವನಿಗೆ ನೀಲಾ ನೆನಪಾದಳು. ಒಬ್ಬಳಂತೂ ತವರಿಗೆ ಬರಲಿಲ್ಲ, ಇವಳಾದರೂ ಹೋಗಲಿ!

“ಏ ಗಿಡಪ್ಪಾ, ಮಲ್ಲಿಗಿ ಬಾಗಲಾ ತಗಿ. ಅವರವ್ವನ ಬಾಗಲಾನೂ ತಗಿ.”

“ಕ್ಷಮಿಸಿ. ಎರಡು ವಯಸ್ಕ ಹೆಣ್ಣುಗಳ ಬಾಗಿಲುಗಳನ್ನು ಏಕಕಾಲಕ್ಕೆ ತೆರೆಯಲು ಅನುಮತಿ ಇಲ್ಲ.”

“ಅವು ತಾಯಿ-ಮಗಳೋ ಯಪ್ಪಾ!”

“ತುರ್ತು ಪರಿಸ್ಥಿತಿಯಲ್ಲಿ ಮಾತ್ರ ಅದು ಸಾಧ್ಯ. ಇದು ತುರ್ತು ಪರಿಸ್ಥಿತಿಯೇ?”

“ಬಾಣಂತನ ಅಂದ್ರ ತುರ್ತ ಅಲ್ದ ಮತ್ತೇನ, ಮೆಣಸಿನಕಾಯಿ ಲಿಲಾವ ಅಂತ ತಿಳದೀಯೇನು? ತುರ್ತ ಐತಿ, ತಗಿ!”

ಪಾಪ, ಯಂತ್ರಮರದ ತಪ್ಪೇನೂ ಇರಲಿಲ್ಲ. ಕಾಡ್ಗಿಚ್ಚು ಕಂಡವರು ಕಟ್ಟಿದ ಯಂತ್ರ ಅದು. ಅದರ ಪಾಲಿಗೆ ತುರ್ತು ಎಂದರೆ ಬೆಂಕಿ, ಬೆಂಕಿ ಎಂದರೆ ಇದ್ದಬದ್ದ ಬಾಗಿಲೆಲ್ಲ ತೆರೆಯಬೇಕು. ಪಟಪಟನೆ ಎಲ್ಲ ಪೊಟರೆಗಳೂ ಬಾಯಿ ಬಿಟ್ಟವು. ಸಾವಂತ್ರವ್ವ ಅದನ್ನು ಗಮನಿಸಲಿಲ್ಲ. ಕಡ್ಡಿಯ ತುದಿಗೆ ಒಂದು ಚೂರು ಅಂಟು ಮೆತ್ತಿ, “ಬಾರವ್ವಾ, ಅವ್ವನ ಮನಿಗೆ ಹೋಗೋಣು” ಎಂದು ಪುಸಲಾಯಿಸುತ್ತ ಮಲ್ಲಿಗಿಯನ್ನು ಮೇಲಿನ ಕೊಂಬೆಗೆ ಹತ್ತಿಸಿದಳು. ಮಲ್ಲಿಗಿ ತವರಿನ ಬಾಗಿಲಲ್ಲಿ ಮೂಗು ತೂರಿಸಿತು.

ಒಳಗಿನಿಂದ ಗಟ್ಟಿಗಿತ್ತಿ ಬಂದ ರಭಸ ನೋಡಿ ಸಾವಂತ್ರವ್ವನ ಕೈಯಿಂದ ಕಡ್ಡಿ ಬಿತ್ತು. ಚಿರ್ ಎಂದು ಕಿರುಚಿ ಮಗಳ ಕುತ್ತಿಗೆಗೇ ಬಾಯಿ ಹಾಕಿತು. ಕೂದಲು ಹಾರಿತು. ಎರಡೂ ಉಂಡೆಯಾಗಿ ಉರುಳಿದವು. “ಬಿಡಽ ನಿನ್ನ ಸುಡ್ಲಿ! ಹೊಟ್ಟ್ಯಾಗ ಹುಟ್ಟಿದ ಮಗಳು!” ಎಂದು ಸಾವಂತ್ರವ್ವ ಕೂಗುತ್ತಿರುವಾಗಲೇ ಎದುರಿನ ಪೊಟರೆಯಿಂದ ಇನ್ನೊಂದು ಬೂದುಬಣ್ಣದ ಉಂಡೆ ಹಾರಿ ಬಂದು ನಡುವೆ ಬಿತ್ತು. ಮಲ್ಲಿಗಿ ಕೊಂಬೆಯಿಂದ ಜಾರಿ ಕೆಳಗೆಲ್ಲೋ ಬಿದ್ದು ಕತ್ತಲಲ್ಲಿ ಮಾಯವಾಯಿತು. ಗಟ್ಟಿಗಿತ್ತಿ ಏನೂ ಆಗಿಲ್ಲವೆಂಬಂತೆ ಮೀಸೆ ಒರೆಸಿಕೊಂಡು ಒಳಗೆ ಹೋಯಿತು.

ಸಾವಂತ್ರವ್ವನ ಜೀವ ಬಾಯಿಗೆ ಬಂತು. ಮೊಣಕಾಲೂರಿ ಬೇರುಗಳ ಸಂದಿಯಲ್ಲಿ, ಗೋಡೆಯ ಮೂಲೆಯಲ್ಲಿ, ಅಂಟಿನ ತಟ್ಟೆಗಳ ಹಿಂದೆ ಹುಡುಕಿದಳು. ಎಲ್ಲಾದರೂ ಒಂದು ಕೆಂಪು ಕಾಳಿನಷ್ಟು ಮರಿ ಬಿದ್ದಿದೆಯೇ ಎಂದು ನೆಲವನ್ನೆಲ್ಲ ಕೈಯಿಂದ ಸವರಿದಳು. ಕಾಣಲಿಲ್ಲ. ಡಾ. ಪ್ರಣತಿಗೆ ಫೋನು ಹಚ್ಚಿದಳು.

“ಬಾಯಾರ, ನಾ ಕೆಟ್ಟ ಕೆಲಸಾ ಮಾಡೀನಿ. ನೀವ ಹೇಳಿದ್ದ ಕೇಳಲಿಲ್ಲ. ಮಲ್ಲಿಗೀನ ತವರಿಗೆ ಕಳಿಸೀನಿ. ಈಗ ಮಲ್ಲಿಗೀನೂ ಇಲ್ಲ, ಕೂಸೂ ಇಲ್ಲ.”

ಡಾ. ಪ್ರಣತಿ ಬಂದಾಗ ಮುಖದಲ್ಲಿ ರಕ್ತವಿರಲಿಲ್ಲ. ಬೈಯುತ್ತಾರೆಂದು ಸಾವಂತ್ರವ್ವ ತಲೆ ತಗ್ಗಿಸಿ ನಿಂತಳು. ಅವರು ಬಾಯಿ ತೆರೆದರು, ಅಷ್ಟರಲ್ಲಿ ಮರವೇ ಮಾತಾಡಿತು.

“ಬುಡದ ಖಾಲಿ ಪೊಟರೆಯಲ್ಲಿ ತೂಕ ಹೆಚ್ಚುತ್ತಿದೆ.”

ಇಬ್ಬರೂ ಬಗ್ಗಿ ನೋಡಿದರು. ಅಳಿಯಪ್ಪ ತೊಗಟೆಯ ನಾರನ್ನು ಬಾಲದಲ್ಲಿ ಸುತ್ತಿಕೊಂಡು ಸರಸರನೆ ಬಂದ. ಅವನ ಒಂದು ಕಿವಿ ಹರಿದಿತ್ತು. ನಾರನ್ನು ಒಳಗೆ ತುರುಕಿ ಮತ್ತೆ ಓಡಿದ, ಮತ್ತೊಂದು ಹೊರೆ ತಂದ. ಒಳಗೆ ನಾರಿನ ಹಾಸಿಗೆಯ ನಡುವೆ ಮಲ್ಲಿಗಿ ಮುದುಡಿಕೊಂಡು ಮಲಗಿತ್ತು. ಕೊನೆಗೆ ಅಳಿಯಪ್ಪ ಒಂದು ತುಣುಕು ಅಂಟು ಕಚ್ಚಿಕೊಂಡು ಬಂದು ಬಾಗಿಲಿಗೆ ಅಡ್ಡ ಕೂತ. ಒಳಗಿನಿಂದ ಒಂದು ಪುಟ್ಟ ಕೈ ಚಾಚಿ ಆ ಅಂಟನ್ನು ಕಸಿದುಕೊಂಡಿತು.

“ಮರಿ?” ಎಂದರು ಡಾ. ಪ್ರಣತಿ.

“ಉಡಿಚೀಲದ ತೂಕದಲ್ಲಿ ಬದಲಾವಣೆ ಇಲ್ಲ. ಮರಿ ಕ್ಷೇಮ.”

ಸಾವಂತ್ರವ್ವ ನೆಲದ ಮೇಲೆ ದೊಪ್ಪನೆ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡಳು. ಡಾ. ಪ್ರಣತಿಯೂ ಪಕ್ಕದಲ್ಲಿ ಕೂತರು. ಬಹಳ ಹೊತ್ತು ಇಬ್ಬರೂ ಆ ಗಂಡು ಪ್ರಾಣಿಯನ್ನೇ ನೋಡಿದರು.

“ನೀವು ಮಾಡಿದ್ದು ದೊಡ್ಡ ತಪ್ಪು ಸಾವಂತ್ರವ್ವ.”

“ಹೌದ್ರಿ.”

“ನಾವು ಮಾಡುತ್ತಿದ್ದದ್ದು ಅದಕ್ಕಿಂತ ದೊಡ್ಡದು. ಎಲ್ಲ ದೇಶಗಳಲ್ಲೂ ಮರಿಯಾದ ಕೂಡಲೇ ಗಂಡನ್ನು ಬೇರೆ ಮಾಡಿ ಬಾಗಿಲು ಹಾಕಿದೆವು. ಒಂಟಿ ಹೆಣ್ಣು ಹೆದರಿ ಮರಿ ಉದುರಿಸುತ್ತಿತ್ತು. ಗಂಡಿಗೂ ಅಲ್ಲಿ ಕೆಲಸವಿದೆ ಎಂದು ಯಾರಿಗೂ ಹೊಳೆಯಲಿಲ್ಲ ನೋಡಿ.”

“ನನಗೂ ಹೊಳೀಲಿಲ್ಲರಿ” ಎಂದಳು ಸಾವಂತ್ರವ್ವ ಸಣ್ಣ ದನಿಯಲ್ಲಿ.

ಸಂಜೆ ಮನೆಗೆ ಹೋದವಳೇ ಹುಬ್ಬಳ್ಳಿಗೆ ಫೋನು ಹಚ್ಚಿದಳು. “ಮಾಸ್ತರ, ಕಿವಿಗೊಟ್ಟ ಕೇಳ್ರಿ. ಅಂಟನ್ನ ತುಪ್ಪದಾಗ ಸಣ್ಣ ಉರೀಲೆ ಹುರೀಬೇಕು. ಅರಳಿದ ಕೂಡ್ಲೇ ತಗೀರಿ, ಕರ್‍ರಗ ಮಾಡೀರಂದ್ರ ನಾ ಸುಮ್ನಿರಾಕಿ ಅಲ್ಲ!” ಆ ಕಡೆಯಿಂದ ಮಾಸ್ತರ, “ಹೂಂರಿ ಅತ್ತೀ, ಹೂಂರಿ” ಎನ್ನುತ್ತಲೇ ಇದ್ದ.

ಎರಡು ತಿಂಗಳಿಗೆ ನೀಲಾಳಿಗೆ ಹೆಣ್ಣು ಕೂಸಾಯಿತು. ಸಾವಂತ್ರವ್ವ ಡಬ್ಬಿಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ತಾನೇ ಹುಬ್ಬಳ್ಳಿಗೆ ಹೋದಳು. ಬಾಗಿಲು ತೆಗೆದ ಅಳಿಯನ ತಲೆಗೆ ಟವೆಲ್ಲು, ಕೈಯಲ್ಲಿ ಸೌಟು, ಮೈಯೆಲ್ಲ ತುಪ್ಪದ ವಾಸನೆ. ಅವನ ಉಂಡೆ ಒಂದೊಂದು ಒಂದೊಂದು ಗಾತ್ರದ್ದು, ಆದರೆ ರುಚಿಗೆ ಹೆಸರಿಡುವಂತಿರಲಿಲ್ಲ. ಕೂಸಿನ ಅರಿವೆ ಒಗೆಯುವವನೂ ಅವನೇ, ರಾತ್ರಿ ಎತ್ತಿಕೊಂಡು ತಿರುಗಾಡುವವನೂ ಅವನೇ. ಸಾವಂತ್ರವ್ವ ಬಾಗಿಲ ಬಳಿ ಚಾಪೆ ಹಾಸಿಕೊಂಡು ಕೂತು ನೋಡುತ್ತಿದ್ದಳು.

ಒಂದೆರಡು ದಿನ ಎಲ್ಲ ಚೆನ್ನಾಗಿಯೇ ನಡೆಯಿತು. ಆಮೇಲೆ ಅವಳು ತಡೆಯಲಾರದೆ, “ಕೂಸಿನ ತಲಿಗೆ ಕಟ್ಟೆವ್ವಾ, ಗಾಳಿ ಹೊಕ್ಕೀತು” ಎಂದಳು. ನೀಲಾ, “ಬ್ಯಾಡವ್ವಾ” ಎಂದಳು. “ನೀರ ಅಷ್ಟ ಕುಡೀಬ್ಯಾಡ.” “ಅವ್ವಾ!” ಮಗಳ ಕಣ್ಣು ಕೆಂಪಾದದ್ದು ಕಂಡು ಸಾವಂತ್ರವ್ವನಿಗೆ ಮೇಲಿನ ಪೊಟರೆ ನೆನಪಾಗಿ ಫಕ್ಕನೆ ನಗು ಬಂತು. ಒಂದು ಮನೆಗೆ ಒಬ್ಬಳೇ ಯಜಮಾನಿ.

“ಯಾಕ ನಗ್ತಿ?” ಎಂದಳು ನೀಲಾ.

“ಏನಿಲ್ಲವ್ವಾ. ನಾ ನಾಳೆ ಊರಿಗೆ ಹೋಗ್ತೀನಿ. ಕಚ್ಚಿಸ್ಕೊಳ್ಳೂಕಿಂತ ಮೊದಲ ಹೋಗೂದು ಚಲೋ.”

ನೀಲಾಳಿಗೆ ಅರ್ಥವಾಗಲಿಲ್ಲ. ಆದರೆ ಹೊರಡುವಾಗ ಅವ್ವನ ಕೊರಳಿಗೆ ಬಿದ್ದು ಬಹಳ ಹೊತ್ತು ಬಿಡಲಿಲ್ಲ. “ತಿಂಗಳಿಗೊಮ್ಮೆ ಬಾ ಅವ್ವಾ. ಖರೇನ ಬಾ” ಎಂದಳು.

ಬ್ಯಾಡಗಿಗೆ ಬಂದವಳು ಮನೆಗೆ ಹೋಗಲಿಲ್ಲ. ಸುಣ್ಣ ಬಳಿದ ಆ ಖಾಲಿ ಕೋಣೆಯ ಮುಂದೆ ಹಾದುಹೋಗಲು ಮನಸ್ಸಾಗದೆ ನೇರವಾಗಿ ಶೀತಗೃಹಕ್ಕೆ ನಡೆದಳು. ಡಾ. ಪ್ರಣತಿ ಬಾಗಿಲಲ್ಲೇ ಸಿಕ್ಕರು. ಸುದ್ದಿ ಎಲ್ಲ ದೇಶಗಳಿಗೂ ಹೋಗಿದೆ, ಎಲ್ಲ ಕಡೆ ಗಂಡುಗಳ ಬಾಗಿಲು ತೆಗೆಯುತ್ತಿದ್ದಾರೆ, ಬ್ಯಾಡಗಿಯ ಕೇಂದ್ರ ಮುಚ್ಚುವುದಿಲ್ಲ ಎಂದು ಒಂದೇ ಉಸಿರಿನಲ್ಲಿ ಹೇಳಿ, ಮತ್ತೊಂದು ಫೋನು ಬಂದು ಹೊರಗೆ ಓಡಿದರು.

ಒಳಗೆ ಮಂದ ಕೆಂಪು ಬೆಳಕು. ಬುಡದ ಪೊಟರೆಯಲ್ಲಿ ಮಲ್ಲಿಗಿ, ಬಾಗಿಲಲ್ಲಿ ಹರಿದ ಕಿವಿಯ ಅಳಿಯಪ್ಪ, ಅವರಿಬ್ಬರ ನಡುವೆ ಚೀಲದಿಂದ ಹೊರಗೆ ಇಣುಕಿದ ಇನ್ನೊಂದು ಪುಟ್ಟ ಮೂಗು. ಸಾವಂತ್ರವ್ವ ಕಣ್ತುಂಬ ನೋಡಿದಳು. ಸಂತೋಷವೇ ಆಯಿತು. ಆದರೆ ಅಲ್ಲಿಯೂ ಅವಳು ಬೇಕಾಗಿರಲಿಲ್ಲ, ಇಲ್ಲಿಯೂ ಬೇಕಾಗಿರಲಿಲ್ಲ. ಬೆಳಗಿನಿಂದ ಏನೂ ತಿಂದಿಲ್ಲವೆಂಬುದೂ ಅವಳಿಗೆ ನೆನಪಿರಲಿಲ್ಲ. ಮಣೆಯಂಥ ಬೇರಿನ ಮೇಲೆ ಹೋಗಿ ಕೂತಳು.

ಮರದೊಳಗೆ ಗುಳುಗುಳು ಸದ್ದಾಯಿತು. ಊಟದ ಹೊತ್ತಲ್ಲದ ಹೊತ್ತು. ಅವಳ ಭುಜದ ಪಕ್ಕದಲ್ಲೇ ತೊಗಟೆ ಬಿರುಕು ಬಿಟ್ಟು ಅಂಟಿನ ಒಂದು ಹನಿ ಮೂಡಿತು, ಬೆಳೆಯಿತು, ನೆಲ್ಲಿಕಾಯಿಯಷ್ಟು ದಪ್ಪವಾಯಿತು. ಅದರಲ್ಲಿ ಹುಳುವಿನ ಪುಡಿ ಇರಲಿಲ್ಲ.

“ತೂಕಾ ಇಳದೈತಿ” ಎಂದಿತು ಮರ. ರೈಲ್ವೆ ನಿಲ್ದಾಣದ ಧಾಟಿ ಎಲ್ಲೋ ಹೋಗಿತ್ತು, ಇದು ಅಪ್ಪಟ ಬ್ಯಾಡಗಿಯ ಮಾತು. “ಉಣ್ಣವ್ವಾ.”

ಸಾವಂತ್ರವ್ವ ಬೆಚ್ಚಿ ತಲೆಯೆತ್ತಿದಳು. “ನನ್ನ ತೂಕಾ ಹೇಳಬ್ಯಾಡ ಅಂದಿಲ್ಲೇನು ನಿನಗ?”

“ಎಷ್ಟ ಅಂತ ಹೇಳಿಲ್ಲ. ಉಣ್ಣು. ನನ್ನ ಆಣಿ ಐತಿ, ಒಂದ ತುತ್ತರ ತಿನ್ನು.”

ಹಾಗೆ ಆಣೆಯಿಟ್ಟು ಅವಳನ್ನು ಯಾರೂ ಉಣ್ಣಿಸದೆ ಎಷ್ಟು ವರ್ಷವಾಗಿತ್ತೋ. ಸಾವಂತ್ರವ್ವ ಕೆನ್ನೆಯ ಮೇಲೆ ಇಳಿದದ್ದನ್ನು ಒರೆಸಿಕೊಳ್ಳಲೂ ಇಲ್ಲ. ಆಮೇಲೆ ಅಂಟನ್ನು ಮುರಿದು ಬಾಯಿಗೆ ಹಾಕಿಕೊಂಡು, ನಿಧಾನವಾಗಿ ಅಗಿದು ನೋಡಿದಳು.

“ಬೆಲ್ಲ ಕಡಿಮಿ ಆಗೇತಿ” ಎಂದಳು.

“ನಾಳೆ ಹಾಕ್ತೀನಿ. ಈಗ ಇನ್ನೊಂದ ತಗೋ” ಎಂದಿತು ಮರ.